ಪದವಿಗೂ ಕೆಲಸಕ್ಕೂ ನಡುವಿನ ಎಂಟು ವಾರ

(ಟ್ರಸ್ಟಿನ ವಾರ್ಷಿಕ ವಿದ್ಯಾರ್ಥಿವೇತನ ವಿತರಣಾ ಸಮಾರಂಭದಲ್ಲಿ ನಿವೃತ್ತ ಶಿಕ್ಷಕರೊಬ್ಬರು ಮಾಡಿದ ಭಾಷಣದ ಬರಹ ರೂಪ)





ಮಕ್ಕಳಿಗೆ ನಾಲ್ಕು ಪ್ರೋತ್ಸಾಹದ ಮಾತು ಹೇಳಿ ಎಂದು ಕಾರ್ಯದರ್ಶಿಗಳು ಕೇಳಿದ್ದಾರೆ. ಪ್ರೋತ್ಸಾಹದ ಮಾತುಗಳನ್ನು ನೀವು ಸಾಕಷ್ಟು ಕೇಳಿದ್ದೀರಿ. ಚೆನ್ನಾಗಿ ಓದಿ, ದೊಡ್ಡ ಕನಸು ಕಾಣಿ ಎಂದು ಎಲ್ಲರೂ ಹೇಳುತ್ತಾರೆ. ಓದಿದ ಮೇಲೆ ಏನು, ಕನಸಿನ ಬಾಗಿಲು ಯಾವ ಬೀದಿಯಲ್ಲಿದೆ, ಒಳಗೆ ಹೋದರೆ ಮೊದಲ ದಿನ ಎಲ್ಲಿ ಕೂರಿಸುತ್ತಾರೆ, ಇದನ್ನು ಹೇಳುವವರು ಕಡಿಮೆ. ಆದ್ದರಿಂದ ಇಂದು ನಾನು ನಮ್ಮದೇ ಟ್ರಸ್ಟಿನ ನೆರವಿನಿಂದ ಓದಿದ ಒಬ್ಬ ಹುಡುಗಿಯ ಎಂಟು ವಾರಗಳ ಅನುಭವವನ್ನು ನಿಮ್ಮ ಮುಂದಿಡುತ್ತೇನೆ. ಬೆಂಗಳೂರಿನ ಒಂದು ದೊಡ್ಡ ಹಣಕಾಸು ಕಂಪನಿಯಲ್ಲಿ ಅವಳು ಇಂಟರ್ನ್‌ಶಿಪ್ ಮಾಡಿ ಬಂದಿದ್ದಾಳೆ. ಅವಳ ಅನುಮತಿ ಪಡೆದೇ ಹೇಳುತ್ತಿದ್ದೇನೆ. ಹೆಸರು ಹೇಳಬೇಡಿ ಸರ್ ಎಂದಳು, ಹೇಳುವುದಿಲ್ಲ. ಕಂಪನಿಯ ಹೆಸರನ್ನೂ ಹೇಳುವುದಿಲ್ಲ. ಒಳಗಿನ ವಿಷಯ ಹೊರಗೆ ಹೇಳುವುದಿಲ್ಲವೆಂದು ಅವಳು ಸಹಿ ಹಾಕಿ ಕೊಟ್ಟಿದ್ದಾಳೆ. ಆ ಸಹಿಗೆ ನಾವೂ ಗೌರವ ಕೊಡೋಣ.

ಮೊದಲು ಒಂದು ಮಾತು. ಹಣಕಾಸು ಕಂಪನಿ ಎಂದ ಕೂಡಲೇ ಅದು ನಮಗೆ ಸಂಬಂಧಪಟ್ಟದ್ದಲ್ಲ, ಮುಂಬೈಯವರದ್ದು, ಅಮೆರಿಕದವರದ್ದು ಎಂಬ ಭಾವನೆ ನಮ್ಮಲ್ಲಿದೆ. ನಮ್ಮ ಕರಾವಳಿಯ ಚರಿತ್ರೆ ಬೇರೆಯೇ ಹೇಳುತ್ತದೆ. 1906ರಲ್ಲಿ ಉಡುಪಿಯಲ್ಲಿ ಒಂದು ಬ್ಯಾಂಕ್ ಹುಟ್ಟಿತು. ಸ್ಥಾಪಿಸಿದವರು ಹಾಜಿ ಅಬ್ದುಲ್ಲಾ ಹಾಜಿ ಕಾಸಿಂ ಸಾಹೇಬ್ ಬಹದ್ದೂರ್ ಅವರು. ಆರಂಭದ ಬಂಡವಾಳ 5,000 ರೂಪಾಯಿ. ಮೊದಲ ದಿನ ಸಂಗ್ರಹವಾದದ್ದು 38 ರೂಪಾಯಿ 13 ಆಣೆ 2 ಪೈ. ಅದೇ ಮುಂದೆ ಕಾರ್ಪೊರೇಷನ್ ಬ್ಯಾಂಕ್ ಆಗಿ ದೇಶದಾದ್ಯಂತ ಬೆಳೆದು, 2020ರ ಏಪ್ರಿಲ್ 1ರಂದು ಯೂನಿಯನ್ ಬ್ಯಾಂಕಿನಲ್ಲಿ ವಿಲೀನವಾಯಿತು. ಅದೇ 1906ರಲ್ಲಿ ಮಂಗಳೂರಿನಲ್ಲಿ ಅಮ್ಮೆಂಬಳ ಸುಬ್ಬರಾವ್ ಪೈಗಳು ಕೆನರಾ ಬ್ಯಾಂಕಿಗೆ ಅಡಿಪಾಯ ಹಾಕಿದರು. 1924ರಲ್ಲಿ ಕರ್ಣಾಟಕ ಬ್ಯಾಂಕ್, 1925ರಲ್ಲಿ ಸಿಂಡಿಕೇಟ್ ಬ್ಯಾಂಕ್, 1931ರಲ್ಲಿ ವಿಜಯಾ ಬ್ಯಾಂಕ್, ಎಲ್ಲವೂ ಈ ಎರಡು ಜಿಲ್ಲೆಗಳ ಮಣ್ಣಿನಲ್ಲೇ ಹುಟ್ಟಿದವು. ಲೆಕ್ಕ ಬರೆಯುವುದು, ಇನ್ನೊಬ್ಬರ ಹಣವನ್ನು ಜೋಪಾನ ಮಾಡುವುದು ಈ ಊರಿನವರಿಗೆ ಹೊಸ ವಿದ್ಯೆಯಲ್ಲ.

ಇಂದು ಕಾಲ ಬದಲಾಗಿದೆ. ನ್ಯೂಯಾರ್ಕಿನಲ್ಲೋ ಲಂಡನ್ನಿನಲ್ಲೋ ಕೇಂದ್ರ ಕಚೇರಿ ಇರುವ ಬ್ಯಾಂಕುಗಳು ತಮ್ಮ ಲೆಕ್ಕಪತ್ರ, ತಪಾಸಣೆ, ಸಾಫ್ಟ್‌ವೇರ್, ವಂಚನೆ ಪತ್ತೆ ಹಚ್ಚುವ ಕೆಲಸ ಇವೆಲ್ಲವನ್ನೂ ಭಾರತದಲ್ಲಿ ಮಾಡಿಸುತ್ತವೆ. ಅಂಥ ಕಚೇರಿಗಳಿಗೆ ಜಿಸಿಸಿ, ಅಂದರೆ ಗ್ಲೋಬಲ್ ಕೇಪಬಿಲಿಟಿ ಸೆಂಟರ್ ಎನ್ನುತ್ತಾರೆ. ದೇಶದಲ್ಲೇ ಅತಿ ಹೆಚ್ಚು ಜಿಸಿಸಿಗಳಿರುವ ನಗರ ಬೆಂಗಳೂರು. ಗೋಲ್ಡ್‌ಮನ್ ಸ್ಯಾಕ್ಸ್ 2004ರಲ್ಲಿ ಅಲ್ಲಿ ಕಚೇರಿ ತೆರೆಯಿತು. ಜೆ.ಪಿ. ಮಾರ್ಗನ್, ವೆಲ್ಸ್ ಫಾರ್ಗೊ, ಮಾರ್ಗನ್ ಸ್ಟಾನ್ಲಿ ಮುಂತಾದವರೂ ಅಲ್ಲಿದ್ದಾರೆ. ನಮ್ಮೂರಿನಿಂದ ರಾತ್ರಿ ಬಸ್ಸು ಹತ್ತಿದರೆ ಬೆಳಿಗ್ಗೆ ತಲುಪುವಷ್ಟು ದೂರ. ಆದರೆ ನಮ್ಮ ಎಷ್ಟು ಮಕ್ಕಳು ಆ ಗೇಟಿನೊಳಗೆ ಹೋಗಿದ್ದಾರೆ? ಕೈಬೆರಳಲ್ಲಿ ಎಣಿಸಬಹುದು.

ಈಗ ನಮ್ಮ ಹುಡುಗಿಯ ವಿಷಯ. ತಂದೆ ಆಟೋ ಚಾಲಕರು, ತಾಯಿ ಮನೆಯಲ್ಲಿ ಬೀಡಿ ಕಟ್ಟುತ್ತಾರೆ. ಸರಕಾರಿ ಶಾಲೆಯಲ್ಲಿ ಕನ್ನಡ ಮಾಧ್ಯಮದಲ್ಲಿ ಎಸ್ಸೆಸ್ಸೆಲ್ಸಿ, ಸರಕಾರಿ ಪದವಿಪೂರ್ವ ಕಾಲೇಜಿನಲ್ಲಿ ಕಾಮರ್ಸ್, ಮಂಗಳೂರಿನಲ್ಲಿ ಬಿಕಾಂ, ಆ ಮೇಲೆ ಎಂಬಿಎ. ಪಿಯುಸಿಯಿಂದ ಈ ಟ್ರಸ್ಟ್ ಅವಳ ಫೀಸಿಗೆ ನೆರವಾಗಿದೆ. ಎಂಬಿಎ ಮೊದಲ ವರ್ಷ ಮುಗಿದ ಮೇಲೆ ಬೇಸಿಗೆಯಲ್ಲಿ ಎಂಟು ವಾರ ಯಾವುದಾದರೂ ಸಂಸ್ಥೆಯಲ್ಲಿ ಇಂಟರ್ನ್‌ಶಿಪ್ ಮಾಡಬೇಕು. ಹೆಚ್ಚಿನವರು ಗೊತ್ತಿರುವವರ ಅಂಗಡಿಯಿಂದಲೋ ಶೋರೂಮಿನಿಂದಲೋ ಒಂದು ಸರ್ಟಿಫಿಕೇಟ್ ತಂದು ಮುಗಿಸಿಬಿಡುತ್ತಾರೆ. ಇವಳು ಹಾಗೆ ಮಾಡಲಿಲ್ಲ. ಕಂಪನಿಗಳ ವೆಬ್‌ಸೈಟಿಗೆ ಹೋಗಿ ಒಂದರ ಮೇಲೊಂದು ಅರ್ಜಿ ಹಾಕಿದಳು. ಹೆಚ್ಚಿನವುಗಳಿಂದ ಉತ್ತರವೇ ಬರಲಿಲ್ಲ. ಕೆಲವು ಇಲ್ಲ ಎಂದವು. ಒಂದು ಕಂಪನಿ ಆನ್‌ಲೈನ್ ಪರೀಕ್ಷೆಗೆ ಕರೆಯಿತು, ಪರೀಕ್ಷೆಯ ನಂತರ ಸಂದರ್ಶನಕ್ಕೂ ಕರೆಯಿತು.

ಸಂದರ್ಶನಕ್ಕೆ ಯೂಟ್ಯೂಬ್ ನೋಡಿ ಇಂಗ್ಲಿಷಿನಲ್ಲಿ ಉತ್ತರಗಳನ್ನು ಬಾಯಿಪಾಠ ಮಾಡಿದ್ದಳು. ಎರಡು ನಿಮಿಷ ಕೇಳಿದ ಸಂದರ್ಶಕಿ ಅವಳನ್ನು ತಡೆದು, "ಇದೆಲ್ಲ ಇರಲಿ. ನೀನು ನಿನ್ನ ಕೈಯಾರೆ ಒಂದು ಲೆಕ್ಕದಲ್ಲಿ ತಪ್ಪು ಕಂಡುಹಿಡಿದದ್ದು ಇದೆಯೇ?" ಎಂದು ಕೇಳಿದರು. ಬಾಯಿಪಾಠದಲ್ಲಿ ಆ ಪ್ರಶ್ನೆಗೆ ಉತ್ತರ ಇರಲಿಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದು, ಕೊನೆಗೆ ತಾಯಿಯ ಬೀಡಿ ಪುಸ್ತಕದ ವಿಷಯ ಹೇಳಿದಳಂತೆ.

ಇಲ್ಲಿರುವ ತಾಯಂದಿರಿಗೆ ವಿವರಿಸಬೇಕಾಗಿಲ್ಲ. ಬ್ರಾಂಚಿನಿಂದ ಎಲೆ, ಹೊಗೆಸೊಪ್ಪು, ನೂಲು ತೂಗಿ ಕೊಡುತ್ತಾರೆ. ಇಪ್ಪತ್ತೈದರ ಕಟ್ಟು ಮಾಡಿ ಬೀಡಿ ಹಿಂದೆ ಕೊಡಬೇಕು. ಕೊಟ್ಟ ಎಲೆಗೆ ಇಷ್ಟು ಬೀಡಿ ಬರಬೇಕೆಂಬ ಲೆಕ್ಕವಿದೆ. ಚೆನ್ನಾಗಿಲ್ಲದ್ದನ್ನು ಬದಿಗೆ ತೆಗೆಯುತ್ತಾರೆ. ಎಲ್ಲವನ್ನೂ ಪುಸ್ತಕದಲ್ಲಿ ಬರೆಯುತ್ತಾರೆ. ತಾಯಿಗೆ ಅಕ್ಷರ ಅಷ್ಟಾಗಿ ಬಾರದು. ಐದನೇ ತರಗತಿಯಿಂದ ಆ ಪುಸ್ತಕ ನೋಡುತ್ತಿದ್ದವಳು ಇವಳು. ಒಂದು ತಿಂಗಳು ಮನೆಯಲ್ಲಿ ತಾನೇ ಬರೆದಿಟ್ಟ ಲೆಕ್ಕಕ್ಕೂ ಬ್ರಾಂಚಿನ ಪುಸ್ತಕಕ್ಕೂ ಎಂಟು ಕಟ್ಟು ವ್ಯತ್ಯಾಸ ಬಂತು. ದಿನಾಂಕ ಹಿಡಿದು ಒಂದೊಂದೇ ಸಾಲು ಹೋಲಿಸಿ, ಯಾವ ದಿನ ಯಾವ ಸಾಲು ಬಿಟ್ಟುಹೋಗಿದೆ ಎಂದು ಹುಡುಕಿ, ಉಮ್ಮನ ಜೊತೆ ಹೋಗಿ ತೋರಿಸಿ ಸರಿಪಡಿಸಿಕೊಂಡು ಬಂದಳು. ಇಷ್ಟನ್ನು ತನಗೆ ಬಂದ ಇಂಗ್ಲಿಷಿನಲ್ಲಿ ಹೇಳಿದಳು. ಸಂದರ್ಶಕಿ ಹೇಳಿದ್ದು ಒಂದೇ ಮಾತು: "ನಮ್ಮ ವಿಭಾಗದಲ್ಲಿ ದಿನವಿಡೀ ಮಾಡುವ ಕೆಲಸ ಇದೇ." ಒಂದು ವಾರದಲ್ಲಿ ಪತ್ರ ಬಂತು.

ಪತ್ರ ಬಂದದ್ದಕ್ಕೆ ಮನೆಯಲ್ಲಿ ಸಂತೋಷವಾಯಿತು, ಆದರೆ ಆ ಸಂತೋಷ ಒಂದು ರಾತ್ರಿಯದ್ದು. ಮರುದಿನದಿಂದ ಪ್ರಶ್ನೆಗಳು ಶುರುವಾದವು. ಹುಡುಗಿ ಒಬ್ಬಳೇ ಬೆಂಗಳೂರಿನಲ್ಲಿ ಹೇಗಿರುವುದು? ಸಂಬಂಧಿಕರು ಏನು ಹೇಳುತ್ತಾರೆ? ಎಂಟು ವಾರಕ್ಕೆ ಇಷ್ಟೆಲ್ಲ ಯಾಕೆ? ಜೊತೆಗೆ ಇನ್ನೊಂದು ಗಂಭೀರ ಪ್ರಶ್ನೆ. ಬಡ್ಡಿ ವ್ಯವಹಾರ ನಡೆಸುವ ಸಂಸ್ಥೆಗೆ ಹೋಗುವುದು ಸರಿಯೇ?

ಈ ಕೊನೆಯ ಪ್ರಶ್ನೆಯನ್ನು ನಾನು ಹಗುರವಾಗಿ ತಳ್ಳಿಹಾಕುವುದಿಲ್ಲ. ಅದಕ್ಕೆ ಉತ್ತರ ಕೊಡುವ ವಿದ್ವತ್ತೂ ನನಗಿಲ್ಲ, ನಾನು ಗಣಿತ ಮೇಷ್ಟ್ರು. ಆ ಹುಡುಗಿ ಮಾಡಿದ್ದನ್ನು ಮಾತ್ರ ಹೇಳುತ್ತೇನೆ. ಅವಳು ತಂದೆಯ ಜೊತೆ ಮೊಹಲ್ಲಾದ ಖತೀಬರ ಬಳಿಗೆ ಹೋದಳು. ಅವರು ಹೂಂ ಅಥವಾ ಊಹೂಂ ಎನ್ನುವ ಮೊದಲು ತಿರುಗಿ ಪ್ರಶ್ನೆ ಕೇಳಿದರು. ಯಾವ ವಿಭಾಗ? ಕೈಯಿಂದ ಮಾಡುವ ಕೆಲಸ ಏನು? ಯಾರಿಗಾಗಿ? ಅವಳಿಗೆ ಗೊತ್ತಿರಲಿಲ್ಲ. ಮನೆಗೆ ಬಂದು ಕಂಪನಿಯ ಎಚ್‌ಆರ್‌ಗೆ ಮರ್ಯಾದೆಯಿಂದ ಒಂದು ಈಮೇಲ್ ಬರೆದಳು. ಷೇರು ವ್ಯವಹಾರಗಳ ದಾಖಲೆ ತಾಳೆ ನೋಡುವ ವಿಭಾಗ ಎಂದು ಉತ್ತರ ಬಂತು. ಅದನ್ನು ತೆಗೆದುಕೊಂಡು ಮತ್ತೆ ಹೋದಳು. ಅವರು ಏನು ಹೇಳಿದರು ಎನ್ನುವುದು ಅವರ ನಡುವಿನ ಮಾತು. ಆದರೆ ಮಕ್ಕಳೇ, ಒಂದನ್ನು ಗಮನಿಸಿ. ಹಣಕಾಸು ಕ್ಷೇತ್ರ ಎಂದರೆ ಸಾಲ ಕೊಡುವುದು ಒಂದೇ ಅಲ್ಲ. ಲೆಕ್ಕ ತಪಾಸಣೆ ಇದೆ, ಸೈಬರ್ ಭದ್ರತೆ ಇದೆ, ಕಾನೂನು ಪಾಲನೆಯ ವಿಭಾಗ ಇದೆ, ವಂಚನೆ ತಡೆಯುವ ವಿಭಾಗ ಇದೆ. ನಮ್ಮ ನ್ಯಾಷನಲ್ ಸ್ಟಾಕ್ ಎಕ್ಸ್‌ಚೇಂಜ್‌ನಲ್ಲಿ ನಿಫ್ಟಿ 50 ಶರಿಯಾ ಎಂಬ ಸೂಚ್ಯಂಕವೂ ಇದೆ. ಸಂದೇಹವಿದ್ದರೆ ಬಲ್ಲವರನ್ನು ಕೇಳಿ. ಕೇಳುವ ಮೊದಲು ಕೆಲಸ ಏನೆಂದು ಸರಿಯಾಗಿ ತಿಳಿದುಕೊಳ್ಳಿ. ಏನೂ ತಿಳಿಯದೆ ಹೋಗುವುದು ಹೇಗೆ ಸರಿಯಲ್ಲವೋ, ಏನೂ ತಿಳಿಯದೆ ಬಿಟ್ಟುಬಿಡುವುದೂ ಹಾಗೆಯೇ.

ಆ ಪ್ರಶ್ನೆ ಮುಗಿದ ಮೇಲೆ ಹಣದ ಪ್ರಶ್ನೆ ಬಂತು. ಕಂಪನಿ ಸ್ಟೈಪೆಂಡ್ ಕೊಡುತ್ತದೆ, ಆದರೆ ತಿಂಗಳು ಮುಗಿದ ಮೇಲೆ. ಪಿಜಿಗೆ ಮೊದಲ ದಿನವೇ ತಿಂಗಳ ಬಾಡಿಗೆ ಮತ್ತು ಠೇವಣಿ ಕೊಡಬೇಕು. ಬಸ್ಸಿನ ಖರ್ಚು, ಕಚೇರಿಗೆ ತಕ್ಕ ಎರಡು ಜೊತೆ ಬಟ್ಟೆ, ಶೂ, ಮೊದಲ ತಿಂಗಳ ಊಟ ಇವೆಲ್ಲ ಬೇರೆ. ಟ್ರಸ್ಟಿನ ನಿಯಮದಲ್ಲಿ ಕಾಲೇಜಿನ ಫೀಸಿನ ರಶೀದಿಗೆ ಮಾತ್ರ ನೆರವು. ಇಂಥದಕ್ಕೆ ಅರ್ಜಿಯಲ್ಲಿ ಕಲಮೇ ಇಲ್ಲ. ಕೊನೆಗೆ ತಾಯಿ ತಮ್ಮ ಬಳೆಯನ್ನು ಅಡವಿಟ್ಟರು.

ಸಹೋದರರೇ, ಈ ಒಂದು ಮಾತನ್ನು ನೀವು ಮನಸ್ಸಿನಲ್ಲಿಟ್ಟುಕೊಳ್ಳಿ. ಬಡ್ಡಿಯ ಹತ್ತಿರ ಹೋಗಬಾರದೆಂದು ಅಷ್ಟು ಯೋಚಿಸಿದ ಮನೆಯವರು, ಮಗಳನ್ನು ಕಳಿಸಲು ಬಡ್ಡಿಗೇ ಬಳೆ ಇಡಬೇಕಾಯಿತು. ಈ ವಿಷಯಕ್ಕೆ ಆಮೇಲೆ ಬರುತ್ತೇನೆ.

ಈಗ ಒಳಗೆ ಏನಾಯಿತು ನೋಡೋಣ. ಮೊದಲ ದಿನ ಗುರುತಿನ ಚೀಟಿ, ಲ್ಯಾಪ್‌ಟಾಪ್ ಕೊಟ್ಟರು. ಲ್ಯಾಪ್‌ಟಾಪಿಗೆ ಪೆನ್‌ಡ್ರೈವ್ ಹಾಕುವಂತಿಲ್ಲ, ಪರದೆಯ ಫೋಟೊ ತೆಗೆಯುವಂತಿಲ್ಲ, ಎದ್ದು ಹೋಗುವಾಗ ಮೇಜಿನ ಮೇಲೆ ಒಂದು ಕಾಗದವನ್ನೂ ಬಿಡುವಂತಿಲ್ಲ. ಮೊದಲ ಮೂರು ದಿನ ಕೆಲಸವಿಲ್ಲ, ನಿಯಮಗಳ ಪಾಠ ಮಾತ್ರ. ಅದರಲ್ಲಿ ಮುಖ್ಯವಾದದ್ದು ಒಳಗಿನ ಸುದ್ದಿಯ ದುರ್ಬಳಕೆ. ಒಂದು ಕಂಪನಿಯ ಬಗ್ಗೆ ಇನ್ನೂ ಬಹಿರಂಗವಾಗದ ಸುದ್ದಿ ನಿಮಗೆ ಕೆಲಸದಲ್ಲಿ ಗೊತ್ತಾಯಿತು ಎನ್ನಿ. ಅದನ್ನು ನಂಬಿ ನೀವು ಷೇರು ಕೊಂಡರೆ, ಅಥವಾ ನಿಮ್ಮ ಮಾವನಿಗೆ ಹೇಳಿ ಕೊಳ್ಳಿಸಿದರೆ, ಅದು ಅಪರಾಧ. ನಮ್ಮ ದೇಶದಲ್ಲಿ ಇದಕ್ಕೆ ಸೆಬಿಯ 2015ರ ನಿಯಮಾವಳಿ ಇದೆ. ಎಂಟು ವಾರಕ್ಕೆ ಬಂದ ಇಂಟರ್ನ್‌ಗೂ ವಿನಾಯಿತಿ ಇಲ್ಲ. ಈ ಪಾಠ ಕೇಳಿದಾಗ ಅವಳಿಗೆ ನೆನಪಾದದ್ದು ಮದ್ರಸದಲ್ಲಿ ಕಲಿತ ಅಮಾನತ್ ಎಂಬ ಪದ. ಇನ್ನೊಬ್ಬರು ನಂಬಿ ಒಪ್ಪಿಸಿದ್ದನ್ನು ಮುಟ್ಟದೆ ಕಾಯುವುದು. ಹಣ ಮಾತ್ರ ಅಮಾನತ್ ಅಲ್ಲ, ಸುದ್ದಿಯೂ ಅಮಾನತ್ ಎಂದು ಅಲ್ಲಿ ಗೊತ್ತಾಯಿತು ಎಂದಳು.

ಕೆಲಸ ಏನು? ಒಬ್ಬರು ಸೋಮವಾರ ಷೇರು ಕೊಂಡರೆ, ಹಣ ಅತ್ತ ಹೋಗಿ ಷೇರು ಇತ್ತ ಬರುವುದು ಮಂಗಳವಾರ. ಇದನ್ನು ಟಿ ಪ್ಲಸ್ ಒನ್ ಎನ್ನುತ್ತಾರೆ. ಭಾರತದ ಷೇರು ಮಾರುಕಟ್ಟೆ 2023ರ ಜನವರಿಯಲ್ಲಿ ಪೂರ್ತಿಯಾಗಿ ಈ ಪದ್ಧತಿಗೆ ಬಂತು, ಅಮೆರಿಕ ಬಂದದ್ದು 2024ರ ಮೇ ತಿಂಗಳಲ್ಲಿ. ಈ ವಿಷಯದಲ್ಲಿ ನಾವು ಅವರಿಗಿಂತ ಮುಂದೆ. ಆದರೆ ಕೈಯಲ್ಲಿ ಇರುವುದು ಒಂದೇ ದಿನವಾದ್ದರಿಂದ ತಪ್ಪು ತಿದ್ದಲು ಸಮಯ ಕಡಿಮೆ. ಕೊಂಡವರ ಪುಸ್ತಕದಲ್ಲಿ ನೂರು ಷೇರು, ಮಾರಿದವರ ಪುಸ್ತಕದಲ್ಲಿ ತೊಂಬತ್ತು ಎಂದಿದ್ದರೆ ಅದನ್ನು ಅಂದೇ ಹುಡುಕಿ ಸರಿಪಡಿಸಬೇಕು. ಎರಡು ಪಟ್ಟಿ ತಾಳೆ ನೋಡುವುದಕ್ಕೆ ರೀಕನ್ಸಿಲಿಯೇಷನ್ ಎನ್ನುತ್ತಾರೆ, ತಾಳೆಯಾಗದ್ದಕ್ಕೆ ಬ್ರೇಕ್ ಎನ್ನುತ್ತಾರೆ. ಹೆಸರು ದೊಡ್ಡದು, ಕೆಲಸ ಬೀಡಿ ಪುಸ್ತಕದ್ದೇ. ಎಂಟು ಕಟ್ಟಿನ ಬದಲು ಎಂಟು ಕೋಟಿ ಇರಬಹುದು, ಆದರೆ ಸಾಲು ಹಿಡಿದು ಹೋಲಿಸುವ ಶ್ರದ್ಧೆ ಒಂದೇ.

ಮೊದಲ ಎರಡು ವಾರ ಅವಳು ಮೀಟಿಂಗಿನಲ್ಲಿ ಬಾಯಿ ಬಿಡಲಿಲ್ಲ. ಜೊತೆಗಿದ್ದ ಇಂಟರ್ನ್‌ಗಳು ದೊಡ್ಡ ದೊಡ್ಡ ಕಾಲೇಜಿನವರು, ಇಂಗ್ಲಿಷ್ ನೀರಿನಂತೆ ಹರಿಯುತ್ತಿತ್ತು. ಇವಳು ಗೊತ್ತಿಲ್ಲದ ಪ್ರತಿಯೊಂದು ಪದವನ್ನೂ ಒಂದು ಸಣ್ಣ ಪುಸ್ತಕದಲ್ಲಿ ಬರೆದು, ಎದುರಿಗೆ ಕನ್ನಡದಲ್ಲಿ ಅರ್ಥ ಬರೆದುಕೊಂಡಳು. ಮೂರನೇ ವಾರ ಗಮನಿಸಿದ ವಿಷಯವೆಂದರೆ, ಚೆನ್ನಾಗಿ ಮಾತಾಡುವವರಿಗೂ ಅರ್ಧ ಪದಗಳು ಗೊತ್ತಿರಲಿಲ್ಲ, ಕೇಳಲು ನಾಚಿಕೆಪಡುತ್ತಿದ್ದರು ಅಷ್ಟೆ. ಆಮೇಲೆ ಅವರೂ ಇವಳ ಪುಸ್ತಕ ಕೇಳಿ ಪಡೆಯತೊಡಗಿದರು. ಮಕ್ಕಳೇ, ಇಂಗ್ಲಿಷ್ ಕಲಿಯಬೇಡಿ ಎಂದು ನಾನು ಹೇಳುತ್ತಿಲ್ಲ. ಕಲಿಯಲೇಬೇಕು, ಇಂದಿನಿಂದಲೇ ಕಲಿಯಬೇಕು. ಆದರೆ ಭಾಷೆ ಬಾರದೆಂಬ ಅಂಜಿಕೆಯಿಂದ ಗೊತ್ತಿರುವ ಲೆಕ್ಕವನ್ನೂ ಹೇಳದೆ ಕೂರಬೇಡಿ.

ನಾಲ್ಕನೇ ವಾರ ಅವಳಿಂದ ಒಂದು ತಪ್ಪಾಯಿತು. ಎಕ್ಸೆಲ್ ಪಟ್ಟಿಯಲ್ಲಿ ಮೊತ್ತದ ಕಾಲಂ ಒಂದನ್ನೇ ಆಯ್ದು ಏರಿಕೆಯ ಕ್ರಮದಲ್ಲಿ ಜೋಡಿಸಿದಳು. ಪಕ್ಕದ ಕಾಲಂಗಳು ಹಾಗೇ ಉಳಿದವು. ಒಬ್ಬರ ಹೆಸರಿನ ಎದುರು ಇನ್ನೊಬ್ಬರ ಮೊತ್ತ ಬಂತು. ಪಟ್ಟಿ ಕಳಿಸಿ ಹತ್ತು ನಿಮಿಷದಲ್ಲಿ ಅವಳಿಗೇ ಸಂಶಯ ಬಂದು ನೋಡಿದಾಗ ಗೊತ್ತಾಯಿತು. ಮುಚ್ಚಿಟ್ಟು ಇನ್ನೊಂದು ಸರಿಯಾದ ಪಟ್ಟಿ ಕಳಿಸಿ ಸುಮ್ಮನಿರಬಹುದಿತ್ತು. ಹಾಗೆ ಮಾಡದೆ ಎದ್ದು ಹೋಗಿ ಮ್ಯಾನೇಜರಿಗೆ ಹೇಳಿದಳು. ಅವರು ಮೊದಲು ಮಾಡಿದ ಕೆಲಸ ಆ ಪಟ್ಟಿ ಯಾರಿಗೆಲ್ಲ ಹೋಗಿದೆ ಎಂದು ನೋಡಿ ತಡೆದದ್ದು. ಎರಡನೇ ಕೆಲಸ, ಇನ್ನು ಮುಂದೆ ಪಟ್ಟಿ ಕಳಿಸುವ ಮೊದಲು ಒಟ್ಟು ಮೊತ್ತವನ್ನಷ್ಟೇ ಅಲ್ಲ, ನಡುವಿನ ಐದು ಸಾಲುಗಳನ್ನೂ ಮೂಲದೊಂದಿಗೆ ತಾಳೆ ನೋಡಬೇಕು ಎಂದು ಬರೆಸಿದ್ದು. ಒಟ್ಟು ಮೊತ್ತ ಸರಿಯಾಗಿಯೇ ಇತ್ತು ನೋಡಿ, ಒಳಗಿನ ಸಾಲುಗಳು ಮಾತ್ರ ಅದಲುಬದಲಾಗಿದ್ದವು. ನನ್ನ ತರಗತಿಯಲ್ಲಿ ಉತ್ತರ ಸರಿ, ಕ್ರಮ ತಪ್ಪು ಎಂದು ಅಂಕ ಕಳೆಯುತ್ತಿದ್ದೆ. ಮಕ್ಕಳು ಜಗಳಕ್ಕೆ ಬರುತ್ತಿದ್ದರು. ಈಗ ಅವರಿಗೆ ಈ ಉದಾಹರಣೆ ಕೊಡಬಹುದು.

ಅಲ್ಲಿ ಮೇಕರ್ ಮತ್ತು ಚೆಕರ್ ಎಂಬ ಪದ್ಧತಿ ಇದೆ. ಒಬ್ಬರು ಮಾಡಿದ್ದನ್ನು ಇನ್ನೊಬ್ಬರು ನೋಡದೆ ಒಂದು ರೂಪಾಯಿಯೂ ಹೊರಗೆ ಹೋಗದು. ಆದರೆ ನೋಡುವವರು ನಿಜವಾಗಿ ನೋಡಬೇಕು. 2020ರ ಆಗಸ್ಟ್‌ನಲ್ಲಿ ನಡೆದ ಒಂದು ಘಟನೆಯನ್ನು ತರಬೇತಿಯಲ್ಲಿ ಹೇಳಿಕೊಟ್ಟರಂತೆ, ಅದು ಜಗತ್ತಿಗೆಲ್ಲ ಗೊತ್ತಿರುವ ವಿಷಯ. ರೆವ್ಲಾನ್ ಎಂಬ ಸೌಂದರ್ಯವರ್ಧಕ ಕಂಪನಿಯ ಸಾಲಕ್ಕೆ ಸಂಬಂಧಿಸಿ ಸಿಟಿಬ್ಯಾಂಕ್ ಸಾಲ ಕೊಟ್ಟವರಿಗೆ ಸುಮಾರು 78 ಲಕ್ಷ ಡಾಲರ್ ಕಳಿಸಬೇಕಿತ್ತು. ಹೋದದ್ದು ಸುಮಾರು 90 ಕೋಟಿ ಡಾಲರ್. ಕಂಪ್ಯೂಟರ್ ಪರದೆಯಲ್ಲಿ ಮೂರು ಚೌಕಗಳಿಗೆ ಗುರುತು ಹಾಕಬೇಕಿತ್ತು, ಹಾಕಿದ್ದು ಒಂದಕ್ಕೆ ಮಾತ್ರ. ಮೂವರು ನೋಡಿ ಒಪ್ಪಬೇಕೆಂಬ ನಿಯಮವಿತ್ತು. ಮೂವರೂ ನೋಡಿದರು, ಮೂವರೂ ಸರಿ ಎಂದೇ ತಿಳಿದರು. ಸುಮಾರು 50 ಕೋಟಿ ಡಾಲರ್ ಪಡೆದವರು ಹಿಂದೆ ಕೊಡಲು ಒಪ್ಪಲಿಲ್ಲ. 2021ರಲ್ಲಿ ನ್ಯೂಯಾರ್ಕಿನ ನ್ಯಾಯಾಲಯ ಬ್ಯಾಂಕಿನ ವಿರುದ್ಧ ತೀರ್ಪು ಕೊಟ್ಟಿತು. 2022ರ ಸೆಪ್ಟೆಂಬರಿನಲ್ಲಿ ಮೇಲ್ಮನವಿ ನ್ಯಾಯಾಲಯ ಆ ತೀರ್ಪನ್ನು ರದ್ದು ಮಾಡಿತು. ಎರಡು ಚೌಕ ಬಿಟ್ಟದ್ದಕ್ಕೆ ಎರಡು ವರ್ಷ ಕೋರ್ಟು. ವಿದ್ಯಾರ್ಥಿವೇತನದ ಅರ್ಜಿಯಲ್ಲಿ ಒಂದು ಕಲಂ ಖಾಲಿ ಬಿಟ್ಟರೆ ಏನಾಗುತ್ತದೆ ಸರ್ ಎಂದು ಕೇಳುವ ಮಕ್ಕಳು ಇದನ್ನು ನೆನಪಿಡಲಿ.

ಉಳಿದ ವಿಷಯಗಳು. ತಲೆವಸ್ತ್ರದ ಬಗ್ಗೆ ಯಾರೂ ಒಂದು ಮಾತೂ ಕೇಳಲಿಲ್ಲ. ಲುಹರ್ ನಮಾಝಿಗೆ ಊಟದ ವಿರಾಮದಲ್ಲಿ ಕಚೇರಿಯ ಒಂದು ಶಾಂತ ಕೋಣೆಯನ್ನು ಬಳಸಿದಳು. ಮ್ಯಾನೇಜರನ್ನು ಮೊದಲ ದಿನವೇ ಕೇಳಿದ್ದರಿಂದ ಏನೂ ತೊಂದರೆಯಾಗಲಿಲ್ಲ. ಪಿಜಿಯಲ್ಲಿ ಒಂದು ಕೋಣೆಗೆ ಮೂವರು. ಸಂಜೆ ಔಟರ್ ರಿಂಗ್ ರಸ್ತೆಯ ಟ್ರಾಫಿಕ್‌ನಲ್ಲಿ ಒಂದೂವರೆ ಗಂಟೆ. ಅತ್ತದ್ದೂ ಇದೆ ಎಂದಳು. ಕೆಲವು ದಿನ ರಾತ್ರಿ ಒಂಬತ್ತಾಯಿತು, ಆಗ ಕಂಪನಿಯ ವಾಹನದಲ್ಲೇ ಪಿಜಿಗೆ ಬಿಟ್ಟರು.

ಕೆಲಸದ ಹೊತ್ತಿನ ಬಗ್ಗೆ ಮಾತ್ರ ಮಕ್ಕಳಿಗೂ ಪೋಷಕರಿಗೂ ಒಂದು ಎಚ್ಚರಿಕೆ. ಈ ಕ್ಷೇತ್ರದ ಕೆಲವು ವಿಭಾಗಗಳಲ್ಲಿ, ಅದರಲ್ಲೂ ಇನ್ವೆಸ್ಟ್‌ಮೆಂಟ್ ಬ್ಯಾಂಕಿಂಗ್‌ನಲ್ಲಿ, ರಾತ್ರಿ ಹಗಲೆನ್ನದೆ ದುಡಿಸಿಕೊಳ್ಳುವ ಅಭ್ಯಾಸ ಇದೆ. 2013ರಲ್ಲಿ ಲಂಡನ್ನಿನಲ್ಲಿ 21 ವರ್ಷದ ಇಂಟರ್ನ್ ಒಬ್ಬ ತೀರಿಕೊಂಡಾಗ ಈ ಬಗ್ಗೆ ಜಗತ್ತಿನಾದ್ಯಂತ ಚರ್ಚೆಯಾಯಿತು. 2015ರಲ್ಲಿ ಗೋಲ್ಡ್‌ಮನ್ ಸ್ಯಾಕ್ಸ್ ತನ್ನ ಬೇಸಿಗೆ ಇಂಟರ್ನ್‌ಗಳು ಮಧ್ಯರಾತ್ರಿಯಿಂದ ಬೆಳಿಗ್ಗೆ ಏಳರವರೆಗೆ ಕಚೇರಿಯಲ್ಲಿ ಇರಕೂಡದು ಎಂದು ನಿಯಮ ಮಾಡಿತು. ಮಧ್ಯರಾತ್ರಿಯ ನಂತರ ಮನೆಗೆ ಹೋಗಿ ಎಂದು ನಿಯಮ ಬರೆಯಬೇಕಾಗಿ ಬಂತು ಎಂದರೆ ಅದಕ್ಕೆ ಮೊದಲು ಹೇಗಿತ್ತು ಎಂದು ಊಹಿಸಿ. ಶ್ರದ್ಧೆ ಬೇಕು, ಆದರೆ ಆರೋಗ್ಯವೂ ಅಮಾನತ್. ಮಗು ಫೋನಿನಲ್ಲಿ ನಿದ್ದೆಯಿಲ್ಲ ಎಂದು ಹೇಳಿದರೆ, ಸ್ವಲ್ಪ ಸಹಿಸಿಕೋ ಎನ್ನುವ ಮೊದಲು ಎಷ್ಟು ದಿನದಿಂದ ಎಂದು ಕೇಳಿ.

ಕೊನೆಗೆ ಏನಾಯಿತು? ನೀವೆಲ್ಲ ಕಾಯುತ್ತಿರುವ ಉತ್ತರ, ಅವಳಿಗೆ ಅಲ್ಲೇ ಕೆಲಸ ಸಿಕ್ಕಿತು ಎಂಬುದು. ಸಿಗಲಿಲ್ಲ. ಅವಳ ತಂಡದಲ್ಲಿದ್ದ ಐವರು ಇಂಟರ್ನ್‌ಗಳಲ್ಲಿ ಇಬ್ಬರಿಗೆ ಕೆಲಸದ ಪತ್ರ ಬಂತು, ಇವಳಿಗೆ ಬರಲಿಲ್ಲ. ಊರಿಗೆ ಬಂದಾಗ ಸಂಬಂಧಿಕರು, ಅಷ್ಟು ಖರ್ಚು ಮಾಡಿ ಹೋಗಿ ಏನು ಸಿಕ್ಕಿತು ಎಂದು ಕೇಳಿದರು. ನಾನು ಅವಳನ್ನು ಅದೇ ಪ್ರಶ್ನೆ ಬೇರೆ ದನಿಯಲ್ಲಿ ಕೇಳಿದೆ. ಅವಳು ಹೇಳಿದ್ದು ಹೀಗೆ: "ಸರ್, ಮೊದಲು ಆ ಕಟ್ಟಡದೊಳಗೆ ಇರುವವರು ಬೇರೆ ಜಾತಿಯ ಮನುಷ್ಯರು ಅಂತ ಅಂದುಕೊಂಡಿದ್ದೆ. ಈಗ ಅವರಿಗೂ ಕಾಲಂ ತಪ್ಪುತ್ತದೆ ಅಂತ ಗೊತ್ತಾಗಿದೆ." ಎಂಬಿಎ ಮುಗಿಸಿ ಅವಳು ಮಂಗಳೂರಿನಲ್ಲಿಯೇ ಒಂದು ಸಣ್ಣ ಸಂಸ್ಥೆಯಲ್ಲಿ ಮ್ಯೂಚುವಲ್ ಫಂಡ್‌ಗಳ ಲೆಕ್ಕ ನೋಡುವ ಕೆಲಸಕ್ಕೆ ಸೇರಿದ್ದಾಳೆ. ಆ ಸಂದರ್ಶನದಲ್ಲಿ ಕೇಳಿದ್ದೆಲ್ಲ ಆ ಎಂಟು ವಾರಗಳ ಬಗ್ಗೆಯೇ. ಸ್ಟೈಪೆಂಡಿನ ಹಣದಲ್ಲಿ ಮೊದಲು ಮಾಡಿದ ಕೆಲಸ ತಾಯಿಯ ಬಳೆ ಬಿಡಿಸಿಕೊಂಡು ಬಂದದ್ದು.

ಈಗ ಟ್ರಸ್ಟಿನ ಹಿರಿಯರಲ್ಲಿ ನನ್ನ ವಿನಂತಿ. ನಾವು ಫೀಸು ಕಟ್ಟುತ್ತೇವೆ, ಪುಸ್ತಕ ಕೊಡುತ್ತೇವೆ. ಅದು ದೊಡ್ಡ ಕೆಲಸ, ಅಲ್ಲಾಹನು ಸ್ವೀಕರಿಸಲಿ. ಆದರೆ ನಮ್ಮ ಮಕ್ಕಳು ಜಾರಿ ಬೀಳುವುದು ಪದವಿಯ ಮೆಟ್ಟಿಲಲ್ಲಿ ಅಲ್ಲ, ಪದವಿಗೂ ಕೆಲಸಕ್ಕೂ ನಡುವಿನ ಮೆಟ್ಟಿಲಲ್ಲಿ. ಅಲ್ಲಿ ಬೇಕಾದ ಹಣ ಕಡಿಮೆ, ಬೇಕಾಗುವ ಸಮಯ ಎರಡು ತಿಂಗಳು. ದಾನವೂ ಬೇಡ. ಕರ್ಝೆ ಹಸನ್, ಅಂದರೆ ಬಡ್ಡಿಯಿಲ್ಲದ ಕೈಸಾಲದ ಒಂದು ಪ್ರತ್ಯೇಕ ನಿಧಿ ಸಾಕು. ಇಂಟರ್ನ್‌ಶಿಪ್ ಪತ್ರ ತೋರಿಸಿದ ವಿದ್ಯಾರ್ಥಿಗೆ ಮುಂಗಡ ಕೊಡಿ. ಸ್ಟೈಪೆಂಡ್ ಬಂದ ಮೇಲೆ ಅವರು ಹಿಂದೆ ಕೊಡಲಿ. ಅದೇ ಹಣ ಮುಂದಿನ ಬೇಸಿಗೆಯಲ್ಲಿ ಇನ್ನೊಬ್ಬರ ಕೈ ಸೇರುತ್ತದೆ. ಈ ನಿಧಿಗೆ ಮೊದಲ ಕಂತನ್ನು ನನ್ನ ಪಿಂಚಣಿಯಿಂದ ಇಂದೇ ಕೊಡುತ್ತಿದ್ದೇನೆ. ಆ ಹುಡುಗಿಯೂ ತನ್ನ ಮೊದಲ ತಿಂಗಳ ಸಂಬಳದಿಂದ ಒಂದು ಭಾಗ ಕಳಿಸಿದ್ದಾಳೆ. ಇನ್ನೊಂದು ತಾಯಿ ಇದಕ್ಕಾಗಿ ಬಳೆ ತೆಗೆಯದಿರಲಿ.

ವಿದ್ಯಾರ್ಥಿಗಳಿಗೆ ಕೆಲವು ಸೂಚನೆಗಳು. ಎಕ್ಸೆಲ್ ಚೆನ್ನಾಗಿ ಕಲಿಯಿರಿ, ಅದಕ್ಕೆ ದುಡ್ಡು ಬೇಕಿಲ್ಲ. ಷೇರು ಮಾರುಕಟ್ಟೆಯ ಬಗ್ಗೆ ತಿಳಿಯಬೇಕೆಂದರೆ ಸೆಬಿ ಸ್ಥಾಪಿಸಿದ ಎನ್‌ಐಎಸ್‌ಎಂ ಸಂಸ್ಥೆಯ ಪ್ರಮಾಣಪತ್ರ ಪರೀಕ್ಷೆಗಳಿವೆ. ಇಂಟರ್ನ್‌ಶಿಪ್‌ಗೆ ಎಐಸಿಟಿಇಯ ಪೋರ್ಟಲ್ ಇದೆ. ಓದು ಮುಗಿಸಿ ಕೆಲಸವಿಲ್ಲದೆ ಕೂತವರಿಗೆ 2024ರ ಅಕ್ಟೋಬರಿನಲ್ಲಿ ಪ್ರಾಯೋಗಿಕವಾಗಿ ಆರಂಭವಾದ ಪ್ರಧಾನಮಂತ್ರಿ ಇಂಟರ್ನ್‌ಶಿಪ್ ಯೋಜನೆ ಇದೆ. ಆರಂಭದ ನಿಯಮದಂತೆ 21ರಿಂದ 24 ವರ್ಷದವರಿಗೆ ದೊಡ್ಡ ಕಂಪನಿಗಳಲ್ಲಿ 12 ತಿಂಗಳು ಅವಕಾಶ, ತಿಂಗಳಿಗೆ 5,000 ರೂಪಾಯಿ, ಒಮ್ಮೆ ಮಾತ್ರ 6,000 ರೂಪಾಯಿ. ಅರ್ಜಿ ಹಾಕುವ ಮೊದಲು ಆ ವರ್ಷದ ನಿಯಮ ಓದಿಕೊಳ್ಳಿ. ಇನ್ನೊಂದು ಮಾತು. ಇಂಟರ್ನ್‌ಶಿಪ್ ಕೊಡುತ್ತೇವೆ, ಮೊದಲು ನೋಂದಣಿ ಶುಲ್ಕ ಕಳಿಸಿ ಎಂದು ವಾಟ್ಸಾಪಿನಲ್ಲಿ ಬಂದರೆ ಅದು ಮೋಸ. ಕೆಲಸ ಕೊಡುವವರು ನಿಮ್ಮಿಂದ ಹಣ ಕೇಳುವುದಿಲ್ಲ.

ಪೋಷಕರಿಗೆ ಒಂದೇ ಮಾತು. ಮಗಳು ಅರ್ಜಿ ಹಾಕುತ್ತೇನೆ ಎಂದಾಗ ಮೊದಲೇ ಬೇಡ ಎನ್ನಬೇಡಿ. ಎಲ್ಲಿ, ಏನು, ಯಾರ ಜೊತೆ ಎಂದು ಕೇಳಿ, ಆಗಲಿ ಬಿಡಲಿ ಅದನ್ನು ತಿಳಿದು ತೀರ್ಮಾನಿಸಿ. ಅರ್ಜಿ ಹಾಕಲು ಬಿಟ್ಟರೆ ತಾನೇ ತೀರ್ಮಾನಿಸುವ ಅವಕಾಶ ಬರುವುದು.

ನಿಧಿಯ ಅರ್ಜಿ ನಮೂನೆ ಈ ವರದಿಯ ವಿದ್ಯಾರ್ಥಿವೇತನ ಪ್ರಕಟಣೆಯ ಜೊತೆಗೇ ಬರುವಂತಾಗಲಿ ಎಂದು ಹಾರೈಸುತ್ತೇನೆ.  ಅಲ್ಲಾಹನು ನಮ್ಮ ಮಕ್ಕಳ ದುಡಿಮೆಯಲ್ಲಿ ಬರಕತ್ ನೀಡಲಿ. ಆಮೀನ್.